ಫ್ರಿಜ್ಜಿನಿಂದ ಕಿಟಕಿಯವರೆಗೆ

ಇಂಗ್ಲಿಷಿನವನು ತನ್ನ ಕಥೆಯೊಳಗಿನ ಮನುಷ್ಯನನ್ನು ಪೇಟೆಗೆ ಕಳಿಸಬೇಕಾದರೆ 'ವೆಂಟ್' ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಕನ್ನಡದಲ್ಲೂ ಅಷ್ಟೆ, 'ಹೋದ' ಎಂದರೆ ಮುಗಿಯಿತು, ಹೇಗೆ ಹೋದ ಎಂದು ಯಾರೂ ಬೆನ್ನು ಹತ್ತುವುದಿಲ್ಲ. ಚೆಕ್ ಭಾಷೆಗೆ ಆ ಉದಾರತೆ ಇಲ್ಲ. ಕಾಲಿನ ಮೇಲೆ ಹೋದನೋ ಚಕ್ರದ ಮೇಲೆ ಹೋದನೋ, ಇವತ್ತೊಂದು ಸಲ ಹೋದನೋ ಇಲ್ಲಾ ದಿನಾ ಹೋಗುವ ಗಿರಾಕಿಯೋ, ಇಷ್ಟೂ ಹೇಳದೆ ಅದು ಯಾರನ್ನೂ ಹೊಸ್ತಿಲು ದಾಟಲು ಬಿಡುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ. ಓಲೊಮೋತ್ಸ್ ಊರಿನ ಲಿಬುಶೆ ಇಂಗ್ಲಿಷ್ ಕಾದಂಬರಿಗಳನ್ನು ಚೆಕ್ ಭಾಷೆಗೆ ತರುವವಳು. ಮೂವತ್ತು ವರ್ಷಗಳಿಂದ ಅವಳು ಜಗಳವಾಡುತ್ತಾ ಬಂದದ್ದು ಬೇರೆ ಯಾರ ಜೊತೆಗೂ ಅಲ್ಲ, ಈ ಓಡಾಡುವವರ ಜೊತೆ.

ಆ ಜಗಳಕ್ಕೆ ಅವಳ ಮನೆಯಲ್ಲೇ ಒಬ್ಬ ಮಧ್ಯಸ್ಥನಿದ್ದ. ಗಂಡ ಓಟಾ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದು ನಿವೃತ್ತನಾದವನು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಶನಿವಾರಗಳಂದು ತನ್ನಂಥ ನಿವೃತ್ತರನ್ನೆಲ್ಲ ಗುಡ್ಡ ಹತ್ತಿಸಿಕೊಂಡು ಬರುತ್ತಿದ್ದ. ಲಿಬುಶೆ ಯಾವುದಾದರೂ ಪದದಲ್ಲಿ ಸಿಕ್ಕಿಬಿದ್ದರೆ ಅಡುಗೆಮನೆಗೆ ಬಂದು ಅದರ ಅರ್ಥ ಬಿಡಿಸಿ ಹೇಳುತ್ತಿದ್ದಳು. ಓಟಾ ಪೇಪರ್ ಮಡಚಿಟ್ಟು, ಫ್ರಿಜ್ಜಿನಿಂದ ಕಿಟಕಿಯವರೆಗೆ ಆ ಪದವನ್ನು ನಡೆದು ತೋರಿಸುತ್ತಿದ್ದ. ಕುಡಿದ ನಾವಿಕ, ಗಂಡನ ಮೇಲೆ ಸಿಟ್ಟಾದ ಶ್ರೀಮಂತೆ, ಹೊಸ ಬೂಟು ಕಾಲು ಕಚ್ಚಿದ ಪೊಲೀಸ್ ಪೇದೆ, ಎಲ್ಲರೂ ಆ ಅಡುಗೆಮನೆಯಲ್ಲಿ ನಡೆದವರೇ. ಅವನು ದಾಪುಗಾಲು ಹಾಕಿದಾಗ ಇಂಗ್ಲಿಷಿನ 'ಸ್ಟ್ರೈಡ್' ಚೆಕ್ಕಿನ 'ಕ್ರಾಚೆತ್' ಆಗುತ್ತಿತ್ತು. ಅವನು ಅತ್ತ ಇತ್ತ ನೋಡುತ್ತಾ ಕಾಲ ಕಳೆದರೆ ಅದು 'ಲೋವುದತ್ ಸೆ' ಆಗುತ್ತಿತ್ತು, ಅಂದರೆ ಸೋಮಾರಿಯ ನಡಿಗೆ. ಪೆನ್ಸಿಲ್ ಕಚ್ಚಿಕೊಂಡು ನಿಂತ ಲಿಬುಶೆ 'ಸಾಕು, ಸಿಕ್ಕಿತು' ಎನ್ನುವವರೆಗೂ ಅವನಿಗೆ ಬಿಡುಗಡೆ ಇರಲಿಲ್ಲ.

"ನಿನ್ನ ಇಂಗ್ಲಿಷಿನೋರು ಒಬ್ಬರಾದ್ರೂ ಕೂತಲ್ಲಿ ಕೂರ್ತಾರೇನೆ?" ಎಂದು ಅವನು ಗೊಣಗುತ್ತಿದ್ದ. "ಒಂದು ಪುಟ ಕೂರಿಸು ಮಾರಾಯ್ತಿ, ಕಾಫಿ ಆರಿಹೋಗ್ತಿದೆ."

ಗೊಣಗುವವರು ಇನ್ನೂ ಒಬ್ಬರಿದ್ದರು. ಕೆಳಗಿನ ಮನೆಯ ವಿಧವೆ ಕುಬೆಲ್ಕೊವಾ ಮೇಲಿನ ಸದ್ದು ಜಾಸ್ತಿಯಾದರೆ ಪೊರಕೆಯ ಹಿಡಿಯಿಂದ ತನ್ನ ಮಾಳಿಗೆ ಕುಟ್ಟುತ್ತಿದ್ದಳು. ಪೊರಕೆ ಕುಟ್ಟಿತೆಂದರೆ ಅಭಿನಯ ಚೆನ್ನಾಗಿತ್ತು ಎಂದೇ ಲೆಕ್ಕ ಎನ್ನುತ್ತಿದ್ದ ಓಟಾ.

ಆ ವರ್ಷ ಲಿಬುಶೆಯ ಕೈಗೆ ಬಂದದ್ದು ಒಂದು ಪತ್ತೇದಾರಿ ಕಾದಂಬರಿ. ದೊಡ್ಡ ಬಂಗಲೆ, ಅದರಲ್ಲೊಬ್ಬ ಮುದಿ ತೋಟಗಾರ. ಅವನು ಎಲ್ಲಿಗೇ ಹೋಗಲಿ, ಲೇಖಕಿ ಅವನಿಗೆಂದು ಒಂದೇ ಕ್ರಿಯಾಪದ ಎತ್ತಿಟ್ಟಿದ್ದಳು: 'ಶಫಲ್'. ಕಾಲು ಎತ್ತದೆ ನೆಲ ಉಜ್ಜಿಕೊಂಡು ಹೋಗುವುದು. ಕೊನೆಗೆ ತಿಳಿಯುವುದೇನೆಂದರೆ, ಆ ತೋಟಗಾರ ಗಟ್ಟಿಮುಟ್ಟಾದ ಆಳು, ಮುದುಕನ ನಡಿಗೆಯನ್ನು ನಟಿಸುತ್ತಿದ್ದ ಕೊಲೆಗಾರ. ಪತ್ತೇದಾರ ಪಡಸಾಲೆಯ ಹೆಜ್ಜೆ ಸದ್ದು ಕೇಳಿಯೇ ಅವನನ್ನು ಹಿಡಿಯುತ್ತಾನೆ. ಹಾಗಾಗಿ ಆ ಪದ ಸಡಿಲವಾದರೆ ಇಡೀ ಕಾದಂಬರಿಯೇ ಸಡಿಲ.

ಓಟಾ ನಡೆದು ತೋರಿಸಿದ. ಸೊಂಟಕ್ಕೆ ಕೈ ಕೊಟ್ಟ, ಗದ್ದ ನಡುಗಿಸಿದ, ಅಯ್ಯಪ್ಪಾ ಎಂದು ನರಳಿದ. ಲಿಬುಶೆಗೆ ನಗು ಬಂತು, ಪದ ಬರಲಿಲ್ಲ. ಇದು ಮುದುಕನ ನಡಿಗೆಯಲ್ಲ, ನಾಟಕದ ಮುದುಕನ ನಡಿಗೆ ಎಂದಳು. ಅವನು ಮತ್ತೆ ನಡೆದ. ಮನೆಯೊಳಗೆ ಹಾಕುವ ಚಪ್ಪಲಿ ಪಟಪಟ ಬಡಿಯಿತು, ಕೆಳಗಿನಿಂದ ಪೊರಕೆ ಕುಟ್ಟಿತು, ಪದ ಮಾತ್ರ ಬರಲಿಲ್ಲ. ಭಾಷಾಂತರ ಮಾಡುವವರಿಗೆ ಇಂಥ ಪದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ. ಅದು ಹೋಗುವ ತನಕ ಊಟವೂ ರುಚಿಸದು, ನಿದ್ದೆಯೂ ಹತ್ತದು.

ಒಂದು ದಿನ ಅವಳು ಗ್ರಂಥಾಲಯದಿಂದ ಮನೆಗೆ ಬರುವಾಗ ಕುಬೆಲ್ಕೊವಾ ಮೆಟ್ಟಿಲಲ್ಲಿ ಎದುರಾದಳು. ಹವಾಮಾನವನ್ನು ಬಯ್ದಳು, ಲಿಫ್ಟ್ ಇಲ್ಲದ ಕಟ್ಟಡವನ್ನು ಬಯ್ದಳು, ಆಮೇಲೆ ದನಿ ತಗ್ಗಿಸಿದಳು.

"ನಿಮ್ಮನೇಲಿರೋ ಹಿರಿಯರು ಈಗ ಹೇಗಿದಾರೆ?"

"ಯಾವ ಹಿರಿಯರು?"

"ನೀವು ಆಚೆ ಹೋದಾಗ ಓಡಾಡ್ತಾರಲ್ಲ, ಅವರು. ಪಾಪ, ಕಾಲೆತ್ತೋಕೇ ಆಗಲ್ಲ ಅವರಿಗೆ. ಅವರಿದ್ದಾಗ ನಾನು ಪೊರಕೆ ಮುಟ್ಟಲ್ಲ, ನೋಡಿ."

ಲಿಬುಶೆ ನಕ್ಕುಬಿಟ್ಟಳು. ತನಗೆ ಗೊತ್ತಾಗದ ಹಾಗೆ ಗಂಡ ತೋಟಗಾರನ ನಡಿಗೆಯನ್ನು ಅಭ್ಯಾಸ ಮಾಡುತ್ತಿದ್ದಾನೆ, ಇನ್ನೇನು. ಅರವತ್ತೆಂಟರ ವಯಸ್ಸಿನಲ್ಲೂ ಹೆಂಡತಿಯ ಒಂದು ಪದಕ್ಕಾಗಿ ಒಬ್ಬನೇ ತಾಲೀಮು ನಡೆಸುವ ಗಂಡ ಎಷ್ಟು ಜನಕ್ಕಿದ್ದಾನೆ ಎಂದು ಹೆಮ್ಮೆಪಟ್ಟುಕೊಂಡೇ ಮೆಟ್ಟಿಲು ಹತ್ತಿದಳು.

ಎರಡು ದಿನ ಬಿಟ್ಟು, ಬೆಳಿಗ್ಗೆ, ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಕಾಫಿ ಕುಡಿಯುತ್ತಿದ್ದಳು. ಕೆಳಗೆ ಕಲ್ಲುಹಾಸಿನ ಬೀದಿಯಲ್ಲಿ, ಬೇಕರಿಯ ಕಡೆಯಿಂದ ಯಾರೋ ಮುದುಕ ಬರುತ್ತಿದ್ದ. ಬಲಗೈಯಲ್ಲಿ ರೊಹ್ಲೀಕು ಎಂಬ ಉದ್ದನೆಯ ಬನ್ನುಗಳ ಪೊಟ್ಟಣ. ಎಡಗೈ ಬೀಸುತ್ತಿರಲಿಲ್ಲ, ಬೇರೆ ಯಾರದೋ ಕೈಯನ್ನು ಅವರಿಗೆ ತಲುಪಿಸಲು ಹೊತ್ತು ತರುತ್ತಿರುವಂತೆ ಇಳಿಬಿದ್ದಿತ್ತು. ಕಾಲುಗಳು ನೆಲ ಬಿಡುತ್ತಿರಲಿಲ್ಲ. ಕಲ್ಲನ್ನು ಸವರಿಕೊಂಡು, ಮುಂದಿನ ಕಲ್ಲನ್ನು ಕೇಳಿಕೊಂಡು ಹೋಗುತ್ತಿದ್ದವು. ನೋಡುತ್ತಿದ್ದ ಹಾಗೆಯೇ ಅವಳ ನಾಲಗೆಯ ಮೇಲೆ ಪದ ಬಂದು ಕೂತಿತು: 'ಶೋವುರಾ ಸೆ'. ಕಾಲೆಳೆದುಕೊಂಡು ಬರುತ್ತಿದ್ದಾನೆ. ತನ್ನನ್ನು ತಾನೇ ಎಳೆದುಕೊಂಡು ಬರುತ್ತಿದ್ದಾನೆ. ಸಿಕ್ಕಿತು ಎಂದು ಅವಳಿಗೆ ನಿಜವಾಗಿ ಸಂತೋಷವಾಯಿತು. ಪೆನ್ಸಿಲಿಗೆ ಕೈ ಚಾಚಿದಳು. ಆಗ ಮುದುಕ ತಲೆಯೆತ್ತಿದ. ಓಟಾ.

ಆ ಸಂತೋಷಕ್ಕಾಗಿ ಅವಳು ತನ್ನನ್ನು ಎಂದೂ ಕ್ಷಮಿಸಲಿಲ್ಲ.

ಕೆಳಗಿನವಳು ಹೇಳಿದ ಹಿರಿಯರು ಯಾರೆಂಬುದು ಆಗ ತಿಳಿಯಿತು. ಓಟಾನ ಅಣ್ಣ ವಿಲೇಮನಿಗೂ ಕಾಯಿಲೆ ಹೀಗೆಯೇ ಶುರುವಾಗಿತ್ತು. ಮೊದಲು ಕೈ ಬೀಸುವುದು ನಿಂತಿತು, ಆಮೇಲೆ ಕಾಲು ನೆಲಕ್ಕೆ ಅಂಟಿತು. ಅವನು ಯಾರಿಗೂ ಹೇಳದೆ ಮುಚ್ಚಿಟ್ಟು, ಕೊನೆಗೆ ಮೆಟ್ಟಿಲ ಮೇಲೆ ಬಿದ್ದಾಗಲೇ ವೈದ್ಯರನ್ನು ನೋಡಿದ್ದು. ಮೊದಲೇ ಬಂದಿದ್ದರೆ ಔಷಧಿಯಿಂದ ಎಷ್ಟೋ ವರ್ಷ ಚೆನ್ನಾಗಿ ಓಡಾಡಿಕೊಂಡಿರಬಹುದಿತ್ತು ಎಂದಿದ್ದರು ಅವರು. ಆ ಮಾತು ಹೇಳುವಾಗ ಓಟಾ ಪಕ್ಕದಲ್ಲೇ ನಿಂತಿದ್ದ. ಅಣ್ಣನ ಹಟವನ್ನು ಬಯ್ದುಕೊಂಡೇ ಮನೆಗೆ ಬಂದಿದ್ದ.

ಬಾಗಿಲು ತೆರೆಯಿತು. ಓಟಾ ಸಿಳ್ಳೆ ಹಾಕುತ್ತಾ, ಮೊಣಕಾಲನ್ನು ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಎತ್ತುತ್ತಾ ಒಳಗೆ ಬಂದ. ಯಾಕೆ ಇಷ್ಟು ಹೊತ್ತಾಯಿತು ಎಂದು ಅವಳು ಕೇಳಿದ್ದಕ್ಕೆ ಬೀದಿಯ ಕಲ್ಲುಹಾಸು ಹಾಳಾಗಿಹೋಗಿದೆ, ನಗರಸಭೆಯವರು ಮಲಗಿದ್ದಾರೆ ಎಂದ. ಕುಣಿಯಲಾರದವಳಿಗೆ ನೆಲ ಡೊಂಕು. ಅವಳು ಹೌದೆಂದು ತಲೆಯಾಡಿಸಿ ರೊಹ್ಲೀಕಿಗೆ ಬೆಣ್ಣೆ ಸವರಿದಳು. ಮನೆಯೊಳಗೆ ನಿತ್ಯವೂ ಒಂದು ನಟನೆ ನಡೆಯುತ್ತಿತ್ತು, ಮೂವತ್ತು ವರ್ಷ ನಡಿಗೆಗಳನ್ನೇ ನೋಡಿ ಅನ್ನ ಸಂಪಾದಿಸಿದ ಅವಳಿಗೆ ಅದು ಕಂಡಿರಲಿಲ್ಲ. ಈಗ ಕಂಡದ್ದನ್ನು ಹೇಳುವುದಕ್ಕೆ ಬಾಯಿ ಬರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಓದಿದವರಿಗೂ ಈ ಹೆದರಿಕೆ ಬಿಟ್ಟದ್ದಲ್ಲ.

ಅಂದು ಅವಳು ತೋಟಗಾರ ಬಂದಲ್ಲೆಲ್ಲ 'ಲೋವುದತ್ ಸೆ' ಹಾಕುತ್ತಾ ಹೋದಳು, ಸೋಮಾರಿಯ ನಡಿಗೆ. ತಪ್ಪು ಎಂದು ಗೊತ್ತಿದ್ದೇ ಹಾಕಿದಳು. ಸರಿಯಾದ ಪದವನ್ನು ಟೈಪು ಮಾಡಲು ಬೆರಳು ಒಪ್ಪಲಿಲ್ಲ.

ಪ್ರಕಾಶನದ ಸಂಪಾದಕಿ ಶಿಮೂಂಕೊವಾ ಅಳೆದು ಮಾತಾಡುವ ಹುಡುಗಿ. ಹಸ್ತಪ್ರತಿ ಓದಿ ಫೋನ್ ಮಾಡಿದಳು. ಉಳಿದದ್ದೆಲ್ಲ ಹೂವಿನಂತೆ ಬಂದಿದೆ, ಈ ಒಂದು ಪದ ಮಾತ್ರ ಯಾಕೋ ಕೂರುತ್ತಿಲ್ಲ ಎಂದಳು. ಲಿಬುಶೆ ವಾದಿಸಿದಳು. ಲೇಖಕಿಯ ಧ್ವನಿ ಹಗುರವಾದದ್ದು, ಅದಕ್ಕೆ ಹಗುರವಾದ ಪದವೇ ಬೇಕು ಎಂದು ತಾನೂ ನಂಬದ ಮಾತು ಆಡಿದಳು. ಆ ಕಡೆಯವಳು ಎಲ್ಲ ಕೇಳಿಸಿಕೊಂಡಳು.

"ಮೇಡಂ, ಸೋಮಾರಿ ಹತ್ರ ಬೇಕಾದಷ್ಟು ಟೈಮಿರುತ್ತೆ, ಅದಕ್ಕೆ ನಿಧಾನ. ಇವನಿಗೆ ಕಾಲೇ ಏಳ್ತಿಲ್ಲ. ಅದು ನಿಮಗೆ ಗೊತ್ತಿಲ್ದೆ ಇರುತ್ತಾ?"

ಯೋಚಿಸುತ್ತೇನೆ ಎಂದು ಲಿಬುಶೆ ಫೋನ್ ಇಟ್ಟಳು. ಯೋಚಿಸಲಿಲ್ಲ. ಮುಂದಿನ ಶನಿವಾರ ಓಟಾ ಗುಡ್ಡಕ್ಕೆ ಹೋಗಲಿಲ್ಲ, ಮೊಣಕಾಲು ಉಳುಕಿದೆ ಎಂದ. ಅದರ ಮುಂದಿನ ಶನಿವಾರ ಮಳೆ ಬರಬಹುದು ಎಂದ. ಬಿಸಿಲು ಚೆನ್ನಾಗಿಯೇ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳನ್ನು ಬಡಿಸುತ್ತಾ, ಇನ್ನೊಂದು ಸೌಟು ಬೇಕೇ ಎಂದು ಉಪಚಾರ ಮಾಡುತ್ತಾ ದಿನ ದೂಡಿದರು.

ಅಚ್ಚಿಗೆ ಹೋಗುವ ಮುನ್ನ ಕೊನೆಯ ಕರಡನ್ನು ಓಟಾ ಗಟ್ಟಿಯಾಗಿ ಓದುವುದು, ಲಿಬುಶೆ ಕಣ್ಣು ಮುಚ್ಚಿ ಕೇಳುವುದು, ಇದು ಮೊದಲಿಂದ ನಡೆದು ಬಂದ ಕ್ರಮ. ಕಿವಿಗೆ ತಪ್ಪು ಬೇಗ ಸಿಗುತ್ತದೆ. ಆ ಮಧ್ಯಾಹ್ನವೂ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಓದುತ್ತಿದ್ದ. ಪತ್ತೇದಾರ ಹಾಸಿಗೆಯಲ್ಲಿ ಕಿವಿ ನಿಮಿರಿಸಿ ಮಲಗಿದ್ದಾನೆ, ಪಡಸಾಲೆಯಲ್ಲಿ ತೋಟಗಾರ ಬರುತ್ತಿದ್ದಾನೆ. ಓಟಾನ ದನಿ ನಿಂತಿತು.

"ಇದು ತಪ್ಪು ಕಣೆ," ಎಂದ.

ಲಿಬುಶೆ ಕಣ್ಣು ತೆರೆಯಲಿಲ್ಲ. ಸಂಪಾದಕಿ ನೋಡಿದ್ದಾಳೆ, ಇರಲಿ ಬಿಡು, ಮುಂದೆ ಓದು ಎಂದಳು.

ಕುರ್ಚಿ ಸರಿದ ಸದ್ದಾಯಿತು. ಅವಳು ಕಣ್ಣು ತೆರೆದಾಗ ಅವನು ಎದ್ದು ಫ್ರಿಜ್ಜಿನ ಹತ್ತಿರ ಹೋಗಿ ನಿಂತಿದ್ದ. ಸೊಂಟಕ್ಕೆ ಕೈ ಕೊಡಲಿಲ್ಲ, ನರಳಲಿಲ್ಲ, ಮುಖದಲ್ಲಿ ಏನನ್ನೂ ಮಾಡಲಿಲ್ಲ. ನಟಿಸುವುದನ್ನು ನಿಲ್ಲಿಸಿ ಕಿಟಕಿಯ ಕಡೆ ಹೊರಟ. ಚಪ್ಪಲಿಯ ಅಡಿ ನೆಲವನ್ನು ಬಿಡಲಿಲ್ಲ. ಎಡಗೈ ಇಳಿಬಿದ್ದಿತ್ತು. ಮೇಜಿನ ಮೂಲೆಯಲ್ಲಿ ತಿರುಗುವಾಗ ಕಾಲು ಅಲ್ಲೇ ಅಂಟಿ, ಸ್ವಲ್ಪ ಹೊತ್ತು ಅನುಮಾನಿಸಿ, ಮತ್ತೆ ಹೊರಟಿತು. ಅವನು ಎಂದೂ ಇಷ್ಟು ನಿಧಾನವಾಗಿ ಆ ದಾರಿ ನಡೆದಿರಲಿಲ್ಲ. ಕೆಳಗಿನಿಂದ ಪೊರಕೆಯ ಸದ್ದು ಬರಲಿಲ್ಲ. ಕಿಟಕಿ ತಲುಪಿ, ಚೌಕಟ್ಟು ಹಿಡಿದುಕೊಂಡು ತಿರುಗಿ ನಿಂತ.

"ಇದಕ್ಕೇನಂತಾರೆ?"

ಲಿಬುಶೆ ಕರಡಿನ ಕಡೆ ಮುಖ ತಿರುಗಿಸಿದಳು. ಗೊತ್ತಿಲ್ಲ ಎಂದಳು.

"ನಿಂಗೆ ಗೊತ್ತು. ಅವತ್ತು ಕಿಟಕೀಲಿ ನಿಂತಿದ್ದೆಯಲ್ಲ, ನಾನೂ ನೋಡ್ದೆ. ನೀನಾದ್ರೂ ಹೇಳ್ತೀಯ ಅಂತ ಕಾಯ್ತಾ ಇದ್ದೆ. ನಂಗೆ ಬಾಯಿ ಬರ್ಲಿಲ್ಲ ಕಣೆ."

"ಶೋವುರಾಷ್ ಸೆ," ಎಂದಳು ಲಿಬುಶೆ. "ಕಾಲೆಳೀತಿದೀಯ, ಓಟಾ."

ಆ ಪದವನ್ನು ಅವಳು ತೋಟಗಾರನಿಗೆಂದು ಎತ್ತಿಟ್ಟಿದ್ದಳು, ಕೊಟ್ಟದ್ದು ಗಂಡನಿಗೆ. ಹೇಳಿದ ಮೇಲೆ ಅಳು ಬಂತು. ಅಳು ನಿಲ್ಲುವವರೆಗೂ ಓಟಾ ಕಿಟಕಿಯ ಹತ್ತಿರವೇ ನಿಂತು ಕಾದ. ಆಮೇಲೆ ಪೆನ್ಸಿಲ್ ತೋರಿಸಿ, ಬರಿ ಎಂದ. ಅವಳು ತೋಟಗಾರ ಬಂದ ಕಡೆಯಲ್ಲೆಲ್ಲ ಸೋಮಾರಿಯ ಪದವನ್ನು ಹೊಡೆದು ಸರಿಯಾದದ್ದನ್ನು ಬರೆಯುತ್ತಾ ಬಂದಳು. ಅವನು ಪಕ್ಕದಲ್ಲಿ ಕೂತು, ಬಿಟ್ಟುಹೋದ ಜಾಗಗಳನ್ನು ಬೆರಳಿಟ್ಟು ತೋರಿಸಿದ. ಕೆಲಸ ಮುಗಿದ ಮೇಲೆ ಆಸ್ಪತ್ರೆಗೆ ಫೋನ್ ಮಾಡಿದವಳೂ ಅವಳೇ. ಮಾರನೆಯ ದಿನವೇ ಬನ್ನಿ ಎಂದರು.

"ನಾಳೆ ಹೋಗೋಣ," ಎಂದಳು ಗಂಡನಿಗೆ. ಅವಳ ಬಾಯಿಂದ ಬಂದದ್ದು 'ಪೂಯ್ದೆಮೆ', ಕಾಲಿನ ಕ್ರಿಯಾಪದ, ನಡೆದು ಹೋಗೋಣ ಎಂದು.

ಓಟಾಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

"ಆಸ್ಪತ್ರೆ ಇರೋದು ಊರಿನ ಆ ತುದೀಲಿ, ಟ್ರಾಮಲ್ಲೇ ಹೋಗ್ಬೇಕು. ಚಕ್ರದ ಪದ ಹಾಕ್ಬೇಕಿತ್ತು ನೀನು. ಊರೋರ್ನೆಲ್ಲ ತಿದ್ದಿ ತಿದ್ದಿ ನೀನೇ ತಪ್ಪಿದೆಯಾ?"

"ಗೊತ್ತು," ಎಂದಳು ಲಿಬುಶೆ. ತಿದ್ದಲಿಲ್ಲ.