ಮಹಾಪ್ರಾಣ ಬಿಟ್ಟ ಧ

ಮರಾಠಿ ಸೀಮೆಯ ಭೋಸರಿಯಲ್ಲಿ ಅಂಗಿಗಳ ಮೇಲೆ ಮಶೀನಿನಿಂದ ಹೆಸರು ಹೊಲಿದುಕೊಡುವ ರುದ್ರವ್ವ ವಿಜಯಪುರದ ಕಡೆಯವಳು. ಅವಳ ಬಾಯಿಗೆ ಇಡೀ ಗಲ್ಲಿ ಹೆದರುತ್ತಿತ್ತು. ಆದರೆ ಆ ಮಂಗಳವಾರ ಅಂಗಡಿಗೆ ನುಗ್ಗಿದ ಲೀಲಾಕ್ಷಿಯಮ್ಮ ಯಾರ ಬಾಯಿಗೂ ಹೆದರುವ ಪೈಕಿ ಅಲ್ಲ. ಉಡುಪಿ ಕಡೆಯವರು, ವಾಕಡದ 'ಧನಲಕ್ಷ್ಮಿ' ಹೋಟೆಲಿನ ಒಡತಿ. ವೇಟರುಗಳ ಅಂಗಿಯ ಗಂಟನ್ನು ಮೇಜಿನ ಮೇಲೆ ಬಿಚ್ಚಿ, ಒಂದನ್ನು ತೆಗೆದು ರುದ್ರವ್ವನ ಮೂಗಿಗೆ ಹಿಡಿದರು.

"ಓದು ಮಾರಾಯ್ತಿ. ಎಂತ ಉಂಟು ಇಲ್ಲಿ?"

ಎದೆಯ ಮೇಲೆ ದುಂಡಗೆ, ಕೆಂಪು ದಾರದಲ್ಲಿ, 'ದನಲಕ್ಷ್ಮಿ' ಎಂದಿತ್ತು. ಧ ಅಕ್ಷರದ ಬುಡದ ಪುಟ್ಟ ಗೀಟು ಒಗೆತಕ್ಕೆ ಬಿಚ್ಚಿಕೊಂಡು ಹೋಗಿ, ಅಕ್ಷರ ಮಹಾಪ್ರಾಣ ಬಿಟ್ಟಿತ್ತು. ಲಕ್ಷ್ಮಿ ಮಾತ್ರ ಗಟ್ಟಿಯಾಗಿ ಕೂತಿದ್ದಳು.

"ಕನ್ನಡ ಬರುವ ಐಟಿ ಹುಡುಗರು ಬಂದು ನಮ್ಮ ಸುಂದರನ ಹತ್ರ ದಿನಕ್ಕೆ ಎಷ್ಟು ಲೀಟರ್ ಕೊಡ್ತೀರಿ ಅಂತ ಕೇಳ್ತಾರೆ. ಅವ ಪಾಪದ ವೇಟರು, ಸಾಂಬಾರ್ ಅಂತ ತಿಳ್ಕೊಂಡು ಬೇಕಾದಷ್ಟು ಅಂದಿದ್ದಾನೆ."

"ನೀವರೆ ಬಾಯಾಗ ಏನಂತೀರಿ ಅಮ್ಮಾರ? ದನಲಕ್ಷ್ಮಿ ಅಂತನ ಅಂತೀರಿ. ಅಂಗಿ ನಿಮ್ಮ ಮಾತ ಕೇಳೇದ, ಅಷ್ಟ."

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ಎದೆ ಮೇಲೆ ಬರೆದದ್ದು ಬಿಲ್ ಕೊಡುವವರೆಗೆ ಕಣ್ಣೆದುರು ಇರ್ತದೆ."

ಹಿಂದಿನ ಸಲ ಇದೇ ಲೀಲಾಕ್ಷಿಯಮ್ಮ, ಅಂಗಿಯೊಳಗಿನ ದಾರದ ಗಂಟು ಚುಚ್ಚುತ್ತದೆ, ವೇಟರುಗಳು ಪೂರಿ ಬಡಿಸುತ್ತ ಎದೆ ಕೆರೆದುಕೊಳ್ಳುತ್ತಾರೆ ಎಂದು ರಾಗ ಎಳೆದಿದ್ದರು. ರುದ್ರವ್ವ ಹೂಂ ಎಂದು, ಹೊಲಿಗೆಯ ತಲೆಗೂ ಬಾಲಕ್ಕೂ ಬೀಳುವ ಗಂಟುಹೊಲಿಗೆಯನ್ನೇ ಮಶೀನಿನಲ್ಲಿ ಬಂದ್ ಮಾಡಿದ್ದಳು. ಮಶೀನು ಅಕ್ಷರ ಮುಗಿಸಿ ದಾರ ಕತ್ತರಿಸುತ್ತಿತ್ತು, ಜಿಗಿದು ಗೀಟು ಹೊಲಿಯುತ್ತಿತ್ತು, ಮತ್ತೆ ಕತ್ತರಿಸಿ ಮುಂದೆ ಹೋಗುತ್ತಿತ್ತು. ಎರಡೂ ತುದಿ ಸಡಿಲವಿರುವ ಗೀಟು ಎಷ್ಟು ದಿನ ನಿಂತೀತು? ಗಂಟು ಹಾಕದ ಲಾಡಿಯನ್ನು ನಂಬಿ ಸಂತೆಗೆ ಹೋದ ಹಾಗೆ.

"ನಾಡಿದ್ದು ಒಂದು ಅಂಗಿ ಸರಿ ಮಾಡಿ ತಾ. ನಾನೇ ಒಗೆದು ನೋಡ್ತೇನೆ. ಆ ಗೀಟು ಹೋಯ್ತೋ, ನಮ್ಮವರ ಯಾವ ಹೋಟೆಲಿನ ಅಂಗಿಯೂ ನಿನ್ನ ಬಾಗಿಲಿಗೆ ಬರುವುದಿಲ್ಲ."

ನಮ್ಮವರು ಅಂದರೆ ವಾಕಡದಿಂದ ಶಿರೂರಿನ ತನಕ ಹೋಟೆಲು ಇಟ್ಟುಕೊಂಡಿರುವ ಅವರ ಅಣ್ಣಂದಿರು, ಭಾವಂದಿರು, ಅಳಿಯಂದಿರು. ರುದ್ರವ್ವನ ಅಂಗಡಿ ನಿಂತಿದ್ದೇ ಅವರ ಅಂಗಿಗಳ ಮೇಲೆ.

ಮೊದಲು ಅವಳು ಸಿಟ್ಟಿನಲ್ಲಿ ಗೀಟಿನ ಮೇಲೆ ಗೀಟು, ಗಂಟಿನ ಮೇಲೆ ಗಂಟು ಹೊಲಿಸಿದಳು. ಸೂಜಿ ಒಂದೇ ಕಡೆ ಕುಟ್ಟಿ ಕುಟ್ಟಿ ಬಟ್ಟೆ ಜರಡಿಯಾಯಿತು. ಎಳೆದರೆ ಗೀಟು ಅಂಗಿಯ ತುಂಡಿನ ಸಮೇತ ಕೈಗೆ ಬಂತು. ಗಂಡ ಶಿವಪ್ಪ ಆ ತೂತಿನಿಂದ ಬೆರಳು ಹೊರಹಾಕಿ ಅಲ್ಲಾಡಿಸಿದ.

"ಆಕಳ ಮೊಲಿ ಕಂಡಂಗ ಕಾಣ್ತದ ನೋಡು."

"ಹಂಗಾರ ಹಿಂಡ್ರಿ. ಹಿಂಡಿ ಚಾ ಮಾಡ್ಕೊಂಡ ಬರ್ರಿ, ಹೋಗ್ರಿ."

ಅವನು ಹೋದ ಮೇಲೆ ಕಂಪ್ಯೂಟರಿನಲ್ಲಿ ಅಕ್ಷರವನ್ನೇ ತಿದ್ದಿದಳು. ಗೀಟನ್ನು ತುಸು ದಪ್ಪ ಮಾಡಿ ಧ ಅಕ್ಷರದ ಹೊಟ್ಟೆಗೇ ಸೇರಿಸಿದಳು. ಮಶೀನು ಜಿಗಿಯಬಾರದು, ನಡುವೆ ದಾರ ಕತ್ತರಿಸಬಾರದು, ಒಂದೇ ಎಳೆಯಲ್ಲಿ ಇಡೀ ಧ ಮುಗಿಯಬೇಕು. ಕೊನೆಗೆ ಸಣ್ಣ ಗಂಟುಹೊಲಿಗೆ. ಉಳಿದ ದಾರವನ್ನು ಬಟ್ಟೆಗೆ ತೀರ ಹತ್ತಿರ ಕತ್ತರಿಸದೆ ಚೂರು ಬಾಲ ಬಿಟ್ಟಳು. ಒಳಗಡೆ ಮೆತ್ತನೆಯ ಅಸ್ತರನ್ನು ಇಸ್ತ್ರಿಯಿಂದ ಅಂಟಿಸಿದಳು. ಗಂಟಿಗೆ ಅಷ್ಟು ಚುಚ್ಚುವ ಚಟವಿದ್ದರೆ ಅಸ್ತರಿಗೆ ಚುಚ್ಚಿಕೊಳ್ಳಲಿ. ಚಹಾ ತಂದ ಶಿವಪ್ಪನಿಗೇ ಅಂಗಿ ತೊಡಿಸಿದಳು.

"ಚುಚ್ಚತದೇನ್ರಿ?"

"ನಿನ್ನ ಬಾಯಿಗಿಂತ ಕಡಿಮಿ."

ಗುರುವಾರ ವಾಕಡದ ಹೋಟೆಲಿನ ಹಿತ್ತಿಲಲ್ಲಿ, ಅಂಗಿ ತಂದ ರುದ್ರವ್ವನ ಮತ್ತು ಸುಂದರನ ಕಣ್ಣೆದುರೇ, ಲೀಲಾಕ್ಷಿಯಮ್ಮ ಸೀರೆ ಎತ್ತಿಕಟ್ಟಿ ನಿಂತರು. ಅಂಗಿಯನ್ನು ಕುದಿನೀರಿಗೆ ಹಾಕಿದರು, ಬ್ರಷ್ಷಿನಿಂದ ಉಜ್ಜಿದರು, ತೀರಿಹೋದ ಅತ್ತೆಯನ್ನು ನೆನೆಸಿಕೊಂಡವರಂತೆ ಕಲ್ಲಿಗೆ ಬಡಿದರು. ಗೀಟು ಅಲುಗಲಿಲ್ಲ. ಉಗುರು ಹಾಕಿ ಕೆದಕಿದರು. ಊಹೂಂ. ಕೊನೆಗೆ ಹಠಕ್ಕೆ ಬಿದ್ದು ಹಲ್ಲಿನಿಂದ ಕಚ್ಚಿ ಎಳೆದರು.

ಧ ಅಲ್ಲೇ ಇತ್ತು. ಲೀಲಾಕ್ಷಿಯಮ್ಮನ ಕಟ್ಟಿಸಿದ ಹಲ್ಲು, ಮೇಲಿನ ಸಾಲು ಪೂರ್ತಿ, ಕಳಚಿ ಒದ್ದೆ ಅಂಗಿಯ ಮೇಲೆ ಬಿತ್ತು.

ಸುಂದರ ಗೋಡೆಯ ಕಡೆ ತಿರುಗಿದ. ಅವನ ಹೆಗಲು ಕುಣಿಯುತ್ತಿತ್ತು. ರುದ್ರವ್ವ ತುಟಿ ಕಚ್ಚಿಕೊಂಡಳು. ಈಗ ನಕ್ಕರೆ ಗೀಟು ಉಳಿದೂ ಅಂಗಡಿ ಹೋಗುತ್ತದೆ. ಹಲ್ಲನ್ನು ಎತ್ತಿ ನಲ್ಲಿಯಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಅರಿಶಿನ ಕುಂಕುಮ ಕೊಡುವಷ್ಟು ಮರ್ಯಾದೆಯಿಂದ ಮುಂದೆ ಹಿಡಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಅವಳು ರುದ್ರವ್ವ ಹೇಗಾದಾಳು?

"ಇದಕ್ಕೂ ಎರಡ ಗಂಟ ಹಾಕಿ ಕೊಡ್ಲೇನ್ರಿ ಅಮ್ಮಾರ?"

ಸುಂದರನ ಹೆಗಲು ನಿಂತಿತು. ಲೀಲಾಕ್ಷಿಯಮ್ಮ ಹಲ್ಲಿಗೆ ಕೈ ಚಾಚಲಿಲ್ಲ. ಅಂಗಿ ಎತ್ತಿ, ಬೆಳಕಿಗೆ ಹಿಡಿದು, ಬೊಚ್ಚುಬಾಯಲ್ಲೇ ಓದಿದರು.

"ಹನಲಚ್ಮಿ." ಇನ್ನೊಮ್ಮೆ ಪ್ರಯತ್ನಿಸಿದರು. "ಬನಲಪ್ಮಿ."

ಮೂರನೇ ಸಲಕ್ಕೆ ಅವರ ಹೊಟ್ಟೆಯೇ ಮೊದಲು ನಕ್ಕಿತು, ಬಾಯಿ ಆಮೇಲೆ. ನಕ್ಕು ಸುಸ್ತಾಗಿ ಹಲ್ಲು ಇಸಿದುಕೊಂಡು ಹಾಕಿಕೊಂಡರು.

"ಎಲ್ಲ ಅಂಗಿಯೂ ಹೀಗೇ ಮಾಡು. ಶಿರೂರಿನ ಭಾವನ ಹೋಟೆಲಿನದ್ದೂ ನಾಳೆ ಕಳಿಸ್ತೇನೆ. ಆದ್ರೆ ಈ ಹಲ್ಲಿನ ಸಂಗತಿ ಎಲ್ಲಿಯಾದ್ರೂ ಬಾಯಿ ಬಿಟ್ಟೆಯೋ, ನಿನ್ನ ನಾಲಿಗೆಗೇ ಗಂಟು ಹಾಕಿಸ್ತೇನೆ."

"ಹಾಕಸ್ರಿ," ಎಂದಳು ರುದ್ರವ್ವ, ಅಂಗಿ ಹಿಂಡುತ್ತ. "ಖರೇ ಹೇಳ್ತೀನಿ, ಆ ಗಂಟ ಭೋಸರಿ ಮುಟ್ಟೂತನಾನೂ ನಿಲ್ಲಂಗಿಲ್ಲ."