ಮುಖ ಇಳಿಯುವ ತನಕ

ತ್ರಿವೇಣಿ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಲೂಪಸ್ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರೋಗಾಣುಗಳ ಮೇಲೆ ಬೀಳಬೇಕಾದ ಬಿಳಿ ರಕ್ತಕಣಗಳು ಕೆಲವರಲ್ಲಿ ಸ್ವಂತ ಮೈಮೇಲೇ ತಿರುಗಿ ಬೀಳುತ್ತವೆ. ಯಾಕೆ ಅನ್ನುವುದೇ ಅವಳ ಹುಡುಕಾಟ. ಹಾಗಾಗಿ ಯುಗಾದಿಗೆ ಕಡೂರಿನ ಮನೆಗೆ ಬಂದವಳು ತಮ್ಮನ ಹೆಂಡತಿ ಭೂಮಿಕಾಳ ಎರಡೂ ಕೆನ್ನೆಯ ಮೇಲೆ ಹರಡಿದ್ದ ಕೆಂಪು ಕಂಡು, ಅದೇ ಕಾಯಿಲೆಯಿರಬೇಕೆಂದು ಬೆಚ್ಚಿದಳು. ಹಬ್ಬ ಮುಗಿಯುತ್ತಲೇ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದಳು. ಅನುಮಾನ ನಿಜವಾಗಿತ್ತು.

ಮಾತ್ರೆ ಶುರುವಾಯಿತು. ಕೈಕಾಲಿನ ಗಂಟುನೋವು ಹೋಯಿತು, ಆದರೆ ಸ್ಟೀರಾಯ್ಡಿನಿಂದ ಮುಖ ದುಂಡಗೆ ಊದಿಕೊಂಡಿತು. ತ್ರಿವೇಣಿಯ ತಮ್ಮ ಚಂದ್ರಕುಮಾರ್ ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ. ಮದುವೆ ಮುಂಜಿಗೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದ. ತಾಯಿ ಈಶ್ವರಮ್ಮ ಸೊಸೆಯ ತಟ್ಟೆ ಲೋಟ ಬೇರೆ ಇಟ್ಟರು.

"ಅಂಟೋ ಕಾಯಿಲೆ ಅಲ್ಲ ಕಣಮ್ಮ," ಎಂದು ತ್ರಿವೇಣಿ ಫೋನಿನಲ್ಲಿ ಬಿಡಿಸಿ ಹೇಳಿದಳು. "ಮೈ ಕಾಯೋ ಕಣಗಳೇ ದಾರಿ ತಪ್ಪಿ ಮೈಯನ್ನ ತಿಂತವೆ, ಅಷ್ಟೇ. ಮಾತ್ರೆ ತಗೊಂಡ್ರೆ ಹತೋಟೀಲಿರುತ್ತೆ."

ಆ ಮಾತನ್ನು ಈಶ್ವರಮ್ಮ ಮರೆಯಲಿಲ್ಲ. ಒಂದು ಭಾನುವಾರ ಭೂಮಿಕಾಳ ಅಪ್ಪ ಮುನಿಯಪ್ಪನನ್ನು ಬುಕ್ಕಾಂಬುಧಿಯಿಂದ ಕರೆಸಿ, ನಾಲ್ಕು ಜನ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಮಗಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ತ್ರಿವೇಣಿ, ಇವಳ ರಕ್ತ ಇವಳನ್ನೇ ತಿಂತೈತಾ? ಹೌದು ಅನ್ನು, ಇಲ್ಲಾ ಅನ್ನು."

"ಹೌದಮ್ಮ, ಆದ್ರೆ..."

"ಕೇಳಿದ್ರಲ್ಲ," ಎನ್ನುತ್ತ ಈಶ್ವರಮ್ಮ ಫೋನ್ ಕಟ್ ಮಾಡಿದರು. "ಡಾಕ್ಟ್ರು ಓದಿರೋ ನನ್ನ ಮಗಳೇ ಹೇಳ್ತಾವ್ಳೆ. ತನ್ನ ಮೈಯನ್ನೇ ತಿನ್ನೋಳು ನಾಳೆ ಹೊಟ್ಟೇಲಿ ಕೂಸು ನಿಂತ್ರೆ ಅದನ್ನ ಬಿಟ್ಟಾಳಾ?"

ಹಿರಿಯರು ನೆಲ ನೋಡಿದರು. ಮುನಿಯಪ್ಪ ಕೈಮುಗಿದು ಏನೋ ಹೇಳಲು ಹೋಗಿ ಅತ್ತುಬಿಟ್ಟ. ಚಂದ್ರಕುಮಾರ್ ಒಳಗಿಂದ ಹೆಂಡತಿಯ ಬ್ಯಾಗ್ ತಂದು ಮೆಟ್ಟಿಲ ಮೇಲಿಟ್ಟ. ಅವಳು ಅಪ್ಪನ ಜೊತೆ ಹೊರಡುವಾಗ ಮಾತ್ರ ಮೆಲ್ಲಗೆ, "ಆ ಮಾತ್ರೆ ಬಿಡು. ಮುಖ ಇಳೀಲಿ, ಬಂದು ಕರ್ಕೊಂಡೋಯ್ತೀನಿ," ಎಂದ.

ತ್ರಿವೇಣಿ ಮತ್ತೆ ಮತ್ತೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಅಮ್ಮನ ಕೋಪ ತಣ್ಣಗಾಗಲಿ, ಆಮೇಲೆ ಹೋಗಿ ಸರಿಮಾಡೋಣ ಅಂದುಕೊಂಡು ಕೆಲಸದಲ್ಲಿ ಮುಳುಗಿದಳು. ಭೂಮಿಕಾಗೆ ಮೆಸೇಜ್ ಕಳಿಸಿದಾಗಲೆಲ್ಲ "ಚೆನ್ನಾಗಿದೀನಿ ಅಕ್ಕ" ಎಂಬ ಉತ್ತರ ಬರುತ್ತಿತ್ತು.

ಮಾತ್ರೆ ಬಿಟ್ಟ ಭೂಮಿಕಾಳ ಮುಖ ನಿಜವಾಗಿಯೂ ಇಳಿಯಿತು. ಅವಳು ಖುಷಿಯಿಂದ ಫೋಟೋ ತೆಗೆದು ಗಂಡನಿಗೆ ಕಳಿಸಿದಳು. ಅವನು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಇನ್ನೂ ಸ್ವಲ್ಪ ಇಳಿಯಬೇಕೇನೋ ಎಂದು ಅವಳು ಕಾದಳು. ಅಷ್ಟರಲ್ಲಿ ಕಾಲು ಊದತೊಡಗಿತು, ಉಚ್ಚೆ ಕಟ್ಟಿತು.

ಮುನಿಯಪ್ಪ ಕೊನೆಗೆ ತ್ರಿವೇಣಿಗೇ ಫೋನ್ ಮಾಡಿದ. ಅವಳು ಓಡಿಬಂದು, ಭೂಮಿಕಾಳನ್ನು ತರೀಕೆರೆ ಮಾರ್ಗವಾಗಿ ಕರೆದೊಯ್ದು ಶಿವಮೊಗ್ಗದ ಅದೇ ಆಸ್ಪತ್ರೆಗೆ ಸೇರಿಸಿದಳು. ಎರಡೂ ಮೂತ್ರಪಿಂಡ ನಿಂತುಹೋಗಿದ್ದವು, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆ ಕಣಗಳ ಬಗ್ಗೆ ತಾನು ಓದಿದ್ದೆಲ್ಲ ತ್ರಿವೇಣಿಗೆ ಆಗ ಒಂದೇ ಒಂದು ವಿಷಯ ಹೇಳಿತು: ತಡವಾಗಿದೆ.

"ಅಕ್ಕ, ಮುಖ ಮೊದಲಿನಂಗಾಯ್ತಲ್ವಾ?" ಭೂಮಿಕಾ ಏದುಸಿರಿನಲ್ಲೇ ಕೇಳಿದಳು. "ಅವ್ರಿಗೆ ಹೇಳಿ."

ತ್ರಿವೇಣಿ ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದಳು. ಈ ಸಲ ಎತ್ತಿದ. ಹಿಂದೆ ಜನರ ನಗು, ಲೋಟಗಳ ಸದ್ದು.

"ಅಕ್ಕ, ಪಂಚನಹಳ್ಳೀಲಿ ಹೆಣ್ಣು ನೋಡಕ್ಕೆ ಬಂದಿದೀವಿ. ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟ.

ಒಳಗೆ ಹೋದವಳು, "ಬತ್ತಾವ್ನಂತೆ ಕಣೇ, ಬಸ್ಸಲ್ಲಿದಾನೆ," ಎಂದಳು.

ಭೂಮಿಕಾ ಅಪ್ಪನಿಂದ ತಲೆ ಬಾಚಿಸಿಕೊಂಡಳು. ಬಾಚಣಿಗೆ ತುಂಬ ಕೂದಲು ಬಂತು. ಮುನಿಯಪ್ಪ ಅದನ್ನು ಜೇಬಿಗೆ ತುರುಕಿದ. ಅವಳು ಬಾಗಿಲ ಕಡೆ ಹೊರಳಿ ಮಲಗಿದಳು. ಯಾರು ಒಳಗೆ ಬಂದರೂ ಕಣ್ಣು ಬಿಟ್ಟು ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೋಡುವುದು ನಿಂತಿತು.

ಸಂಜೆ ಚಂದ್ರಕುಮಾರ್ ಫೋನ್ ಮಾಡಿದ. "ಏನಕ್ಕ, ಬೆಳಗ್ಗೆ ಏನು ಹೇಳಕ್ಕೆ ಫೋನ್ ಮಾಡಿದ್ದೆ?"

ಅಂಬುಲೆನ್ಸಿನೊಳಗೆ, ಮುಚ್ಚಿದ ಬಿಳಿ ಬಟ್ಟೆಯ ಪಕ್ಕ ತ್ರಿವೇಣಿ ಕೂತಿದ್ದಳು. ಎದುರಿಗೆ ಮುನಿಯಪ್ಪ.

"ಹೆಣ್ಣು ಒಪ್ಪಿಗೆ ಆಯ್ತಾ?"

"ಹೂಂ. ಅಮ್ಮಂಗೆ ಹಿಡಿಸೈತೆ."

"ಸರಿ," ಎಂದಳು. "ನಿಂಗೆ ಹೇಳೋದು ಏನೂ ಉಳಿದಿಲ್ಲ ಕಣೋ."