ಮೂರು ಬೊಗಸೆ ತೌಡು

ಕೊಟ್ರಮ್ಮ ಹೆತ್ತ ಮೂರು ಕೂಸುಗಳೂ ಬಾಣಂತನ ಮುಗಿಯುವ ಮೊದಲೇ ಕಣ್ಣು ಮುಚ್ಚಿದ್ದವು. ನಾಲ್ಕನೆಯದು ಗಂಡಾಗಿ ಹುಟ್ಟಿದ ದಿನವೇ ಅದನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ಬಸವಕ್ಕನಿಗೆ ಮಾರಿಬಿಟ್ಟಳು. ಬೆಲೆ ಮೂರು ಬೊಗಸೆ ನವಣೆ ತೌಡು. ಹೊಳಗುಂದದ ಕಡೆ ಇದೇನು ಹೊಸದಲ್ಲ. ಮಕ್ಕಳೇ ಇಲ್ಲದ ಮನೆಗೆ ಜವರಾಯ ಮಕ್ಕಳನ್ನು ಹುಡುಕಿಕೊಂಡು ಯಾಕೆ ಬಂದಾನು? ಬಸವಕ್ಕನಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ತೊಟ್ಟಿಲು ಕಟ್ಟುವ ಯೋಗ ಬಂದಿರಲಿಲ್ಲ. ಅದೇ ಕಾರಣಕ್ಕೆ ಊರ ಹೆಂಗಸರು ಅವಳನ್ನು ಸೀಮಂತಕ್ಕೆ ಕರೆಯುತ್ತಿರಲಿಲ್ಲ. ಅದೇ ಕಾರಣಕ್ಕೆ ಈಗ ಅವಳ ಬಾಗಿಲು ತಟ್ಟಿದರು.

ಹುಡುಗನಿಗೆ ತೌಡಪ್ಪ ಎಂದೇ ಹೆಸರಾಯಿತು. ಮಾರಾಟವೇನೋ ಜವರಾಯನ ಕಣ್ಣಿಗೆ ಮಣ್ಣೆರಚಲು. ಕೂಸು ಕುಡಿದದ್ದು ಕೊಟ್ರಮ್ಮನ ಹಾಲನ್ನೇ, ಮಲಗಿದ್ದು ಅವಳ ಮಗ್ಗುಲಲ್ಲೇ. ಆದರೆ ಮಾತು ಬಂದ ಮೇಲೆ ಅವನು ಅವ್ವಾ ಎನ್ನಬೇಕಾದದ್ದು ಬಸವಕ್ಕನನ್ನು. ಹೆತ್ತವಳು ಬರೀ ಕೊಟ್ರಕ್ಕ. ಊಟದ ಹೊತ್ತಿಗೆ ಕೊಟ್ರಮ್ಮ, ಜವರಾಯನಿಗೂ ಕೇಳಲಿ ಎಂಬಂತೆ ಗಂಟಲು ಹರಿದುಕೊಂಡು ಕೂಗುವಳು.

“ಬಸವಕ್ಕಾ, ನಿನ್ನ ಹುಡುಗಗ ರೊಟ್ಟಿ ಹಾಕ್ಲೇನು?”

“ಹಾಕವ್ವಾ, ಹಸಗೊಂಡಾನ.”

ಇದು ಆಟವೆಂದು ಎಲ್ಲರಿಗೂ ಗೊತ್ತಿತ್ತು, ಬಸವಕ್ಕನಿಗೂ ಗೊತ್ತಿತ್ತು. ಆದರೆ ಹದಿನಾಲ್ಕು ವರ್ಷ ಬರಿಮಡಿಲಲ್ಲಿ ಕೂತವಳನ್ನು ದಿನಕ್ಕೆ ಹತ್ತು ಸಲ ಅವ್ವಾ ಎಂದರೆ, ಅವಳಾದರೂ ಎಷ್ಟು ದಿನ ಆಟವಾಡಿಯಾಳು? ಹುಡುಗನಿಗೆ ಸಿಡುಬು ಎದ್ದಾಗ ಕೊಟ್ರಮ್ಮ ಹತ್ತಿರ ಸುಳಿಯಲಿಲ್ಲ. ಹೆತ್ತವಳು ಯಾರೆಂಬ ಗುಟ್ಟು ಜವರಾಯನಿಗೆ ಎಲ್ಲಿ ಬಯಲಾದೀತೋ ಎಂದು ಗೋಡೆಯಾಚೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹನ್ನೊಂದು ದಿನ ಬೇವಿನ ಸೊಪ್ಪು ಹಿಡಿದು ಕೂತವಳು ಬಸವಕ್ಕ. ಅವನು ದೊಡ್ಡವನಾಗಿ ಆದವಾನಿಯ ಹತ್ತಿ ಜಿನ್ನಿಗೆ ಕೆಲಸಕ್ಕೆ ಹೋಗತೊಡಗಿದಾಗ, ಅವನ ಅಂಗಿಗೆ ಅಂಟಿದ ಅರಳೆ ಬಿಡಿಸುತ್ತ ಕೂರುವುದೇ ಅವಳಿಗೊಂದು ಸುಖವಾಗಿತ್ತು.

ಸರ್ಕಾರ ರಾಜ್ಯದ ಗಡಿ ಎಳೆದು ಬಳ್ಳಾರಿಯನ್ನು ಅತ್ತ, ಆದವಾನಿಯನ್ನು ಇತ್ತ ಮಾಡಿದ ಎರಡನೇ ವರ್ಷ ತೌಡಪ್ಪನ ಮದುವೆ ಗೊತ್ತಾಯಿತು. ಅರಿಶಿನ ಹಚ್ಚುವ ಮೊದಲು ಹೆತ್ತವಳು ಅಷ್ಟೇ ತೌಡು ಕೊಟ್ಟು ಮಗನನ್ನು ವಾಪಸು ಕೊಳ್ಳಬೇಕು. ಮಗನನ್ನು ಮರಳಿ ಮಾರಿದವಳನ್ನು ಅವನು ಆಮೇಲೆ ಅವ್ವಾ ಎನ್ನುವಂತಿಲ್ಲ; ಹಾಗೆ ಅಂದರೆ ಮಾರಾಟ ಮುರಿದು ಹುಡುಗನ ಜೀವಕ್ಕೆ ಕೇಡು.

ಚಪ್ಪರದಡಿ ಹಿರಿಯ ಭೀಮಲಿಂಗಪ್ಪ ಕೇಳಿದ, “ಬಸವಕ್ಕಾ, ಈ ಹುಡುಗನ್ನ ಕೊಟ್ರಮ್ಮಗ ಮಾರಿದ್ಯೇನು?”

“ಮಾರೀನ್ರಿ.”

ಮೂರು ಸಲ ಕೇಳುವುದು ವಾಡಿಕೆ. ಎರಡನೇ ಸಲವೂ ಅಂದಳು. ಮೂರನೇ ಸಲ ನಾಲಿಗೆ ಏಳಲಿಲ್ಲ. ಇಲ್ಲ ಎಂದುಬಿಟ್ಟರೆ? ಯಾರು ಏನು ಮಾಡಿಯಾರು? ಎದುರಿಗೆ ಕೊಟ್ರಮ್ಮ ತೌಡಿನ ಬೊಗಸೆ ಚಾಚಿಕೊಂಡೇ ನಿಂತಿದ್ದಳು.

“ಹೇಳವ್ವಾ, ಹೊತ್ತಾಗ್ತೈತಿ,” ಎಂದ ತೌಡಪ್ಪ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಮುಹೂರ್ತದ ಚಿಂತೆಯಷ್ಟೇ.

“ಮಾರೀನಿ,” ಎಂದಳು ಬಸವಕ್ಕ.

“ನನ್ನ ಮಗನ!” ಎಂದು ಕೊಟ್ರಮ್ಮ ಅವನನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತಳು. ಇಪ್ಪತ್ತು ವರ್ಷ ಆ ಒಂದು ಮಾತನ್ನು ನುಂಗಿಕೊಂಡಿದ್ದವಳು. ಬಸವಕ್ಕನಿಗೂ ಅಳು ಬಂತು. ಸುಳ್ಳು ಯಾಕೆ, ಹೊಟ್ಟೆಕಿಚ್ಚೂ ಬಂತು.

ಮದುವೆಯಾದ ಮೂರನೇ ದಿನ ತೌಡಪ್ಪ ಹೆಂಡತಿ ಶೇಷಮ್ಮನನ್ನು ಹಿರಿಯರ ಕಾಲಿಗೆ ಬೀಳಿಸುತ್ತ ಬಂದ. ಕೊಟ್ರಮ್ಮನೂ ಜೊತೆಗಿದ್ದಳು. ಬಸವಕ್ಕನ ಮುಂದೆ ನಿಂತು ಆ ಹುಡುಗಿ ಮೆಲ್ಲಗೆ ಕೇಳಿದಳು, “ಇವ್ರು ಏನಾಗ್ಬೇಕ್ರೀ?”

ತೌಡಪ್ಪ ಬಾಯಿ ತೆರೆದ. ಕೊಟ್ರಮ್ಮನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಅವನು ತಲೆ ತಗ್ಗಿಸಿದ.

“ಪಕ್ಕದ ಮನಿ ಬಸವಕ್ಕ,” ಎಂದ.

ಹುಡುಗಿ ಬಗ್ಗಿ ಪಾದ ಮುಟ್ಟಿದಳು. ಬಸವಕ್ಕ ಅವಳನ್ನು ಎಬ್ಬಿಸಿ ನಿಲ್ಲಿಸಿ ತಲೆ ಸವರಿದಳು.

“ಮಕ್ಕಳಾಗ್ಲಿ ತಾಯಿ. ಹುಟ್ಟಿದಾವೆಲ್ಲಾ ನಿನ್ನ ಮನ್ಯಾಗ ಉಳೀಲಿ. ನನ್ನ ಮನಿಗೆ ಒಂದೂ ಬರೂದು ಬ್ಯಾಡ.”